ನಿವೇಶನ ಸಂಖ್ಯೆ ನೂರಾ ಹದಿನಾಲ್ಕು

ಮೂವತ್ತು ನಲವತ್ತು, ಮೂವತ್ತು ನಲವತ್ತು,
ಸ್ಕೇಲು ಜಾರಿಸಿದಷ್ಟೂ ಮನೆ.
ಜೋಗಿಮಟ್ಟಿಯ ಗಾಳಿ ಕಿಟಕಿಯಿಂದ ನುಗ್ಗಿ
ಹಾಳೆ ಎತ್ತುತ್ತಿತ್ತು. ನಾಲ್ಕೂ ಮೂಲೆಗೆ
ದುರ್ಗದ ಕಲ್ಲಿನ ಚೂರಿಟ್ಟು ಎಳೆದೆ
ಅಡ್ಡರಸ್ತೆ ಒಂದು, ಎರಡು, ಒಂಬತ್ತು.
ಸರಪಳಿ ಹಿಡಿಯುವ ಪಾಲಯ್ಯ ಇಣುಕಿದ:
"ಇದೇನ್ ಊರೋ ಅಕ್ಕಾರೆ, ಚೌಕಾಬಾರದ ಮನೇನೋ?"

ಮರುದಿನ ಜಾಗಕ್ಕೆ ಕರೆದೊಯ್ದ.
ಬಂಡೆ, ಬಂಡೆ, ನಡುವೆ ನುಸುಳುವ ಆಡಿನ ಜಾಡು.
"ಕ್ವಾಟೆ ಏಳು ಸುತ್ತೂ ಯಾಕೆ ಡೊಂಕು?
ಬೆಟ್ಟ ಡೊಂಕೈತೆ, ಅದ್ಕೆ.
ಬಾಗ್ಲು ನೇರ ಇದ್ದಿದ್ರೆ ಆನೆ ನುಗ್ತಿತ್ತು.
ಈಗ ಆನೆ ಇಲ್ಲ. ನೀರೈತಲ್ಲ."

ನೂರಾ ಹದಿನಾಲ್ಕರಲ್ಲಿ ಹುತ್ತ,
ನನ್ನೆತ್ತರದ್ದು, ಕೆಮ್ಮಣ್ಣಿನದು.
ಬಾಯಿಗೆ ಅಂಗೈ ಹಿಡಿ ಅಂದ.
ಹಿಡಿದೆ, ಹಾವಿಗೆ ಹೆದರುತ್ತಲೇ.
ಏಪ್ರಿಲ್ ಮಧ್ಯಾಹ್ನದ ಹನ್ನೆರಡು ಗಂಟೆಗೆ
ಒಳಗಿನಿಂದ ತಣ್ಣನೆ ಉಸಿರು,
ಹಸಿಮಣ್ಣಿನ ವಾಸನೆ.
ಕರೆಂಟಿಲ್ಲ, ಎಂಜಿನಿಯರಿಲ್ಲ,
ಕತ್ತಲಲ್ಲಿ ಕುರುಡು ಮೇಸ್ತ್ರಿಗಳು ಲಕ್ಷ.

ರಾತ್ರಿ ಹಾಳೆ ಬಿಡಿಸಿ
ಕೈಯ ಬಳೆ ಬಿಚ್ಚಿಟ್ಟು
ಅದರಂಚಿಗೆ ಪೆನ್ಸಿಲು ಆನಿಸಿ
ಐದನೇ ಅಡ್ಡರಸ್ತೆಯನ್ನು ಬಗ್ಗಿಸಿದೆ.
ಹುತ್ತದ ಸುತ್ತ ಚುಕ್ಕೆಗೆರೆ: ಬಯಲು ಜಾಗ.
ಸಾಹೇಬರು ನೋಡದೆ ಸಹಿ ಹಾಕಿದರು,
ಅವತ್ತು ಅವರ ಮಗಳ ನಿಶ್ಚಿತಾರ್ಥ.

ಹೀಗೆ ಹುಟ್ಟಿತು ಡೊಂಕು ಕ್ರಾಸು.
ಗ್ಯಾಸಿನವನು ದಿನಾ ಬೈಯುತ್ತಾನೆ.
ಮೂಲೆಮನೆಯ ಗಿರಿಯಮ್ಮ
ವಾಸ್ತುವಿನವರನ್ನು ಮೂರು ಸಲ ಕರೆಸಿದಳು.
ಮಳೆನೀರು ಮಾತ್ರ
ಯಾರಲ್ಲೂ ವಿಳಾಸ ಕೇಳದೆ ಹೋಗುತ್ತದೆ.

ಹುತ್ತ ಉಳಿಯಿತು. ಉಳಿದದ್ದೇ ತಪ್ಪಾಯಿತು.
ಪಂಚಮಿಗೆ ಹಾಲು, ಮರುವರ್ಷ ಕಟ್ಟೆ,
ಆಮೇಲೆ ಟೈಲ್ಸು, ತಗಡಿನ ಮಾಡು, ದಾನಿಗಳ ಹೆಸರು.
ಬಿರುಕು ಬಿರುಕಿಗೂ ಸಿಮೆಂಟು ಮೆತ್ತಿದ್ದರು
ಭಕ್ತಿಯಿಂದ.
ಪಾಲಯ್ಯ ಅಂಗೈ ಹಿಡಿದು ನೋಡಿದ.
ಬಹಳ ಹೊತ್ತು ಹಿಡಿದೇ ಇದ್ದ.
ಅವನ ನಿವೃತ್ತಿಯ ತಿಂಗಳು ಅದು.
ಕೈಯನ್ನು ಪಂಚೆಗೆ ಒರೆಸಿಕೊಂಡು ನಡೆದ.

ಈ ಜೂನಿನಲ್ಲಿ ದಾಖಲೆ ಕೋಣೆಯ ಮರದ ಬೀರು ತೆರೆದರೆ
ಮೂಲ ನಕ್ಷೆಯ ಮೇಲೆ ಮಣ್ಣಿನ ಕೊಳವೆ.
ಗೆದ್ದಲು.
ಅದೇ ಹುತ್ತದವು ಅನ್ನಲಾರೆ,
ಅಲ್ಲಿಂದ ಕಚೇರಿಗೆ ಎರಡು ಮೈಲಿ.
ಒಂಬತ್ತೂ ರಸ್ತೆ ತಿಂದು ತಮ್ಮ ದಾರಿ ಹಾಕಿವೆ:
ಒಂದು ಹಿರಿದು, ಅದಕ್ಕೆ ಕವಲು, ಕವಲಿಗೆ ಕವಲು.
ಮೂಲೆಮಟ್ಟಕ್ಕೆ ಸಿಕ್ಕುವ ಮೂಲೆ ಒಂದೂ ಇಲ್ಲ.
ಬಳೆಯ ತಿರುವೆಂದು ದಾಕ್ಷಿಣ್ಯ ತೋರಿಲ್ಲ,
ಅದನ್ನೂ ತಿಂದಿವೆ.

ಹೊಸ ಸಾಹೇಬರ ಟಿಪ್ಪಣಿ: ಯಥಾಪ್ರತಿ ತಯಾರಿಸುವುದು.
ಹಾಳೆಯನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದಿದ್ದೇನೆ.
ಅವುಗಳ ಬೀದಿಗಳಲ್ಲಿ ಬೆಳಕು ಓಡಾಡುತ್ತಿದೆ,
ಆಚೆಗೆ ಬೆಟ್ಟ, ಬೆಟ್ಟದ ಸುತ್ತ ಗೋಡೆ.
ಯಾವುದರ ಯಥಾಪ್ರತಿ ಸ್ವಾಮೀ, ಎಂದು
ಫೈಲಿನಂಚಿಗೆ ಬರೆದು, ಅಳಿಸಿದೆ.
ಗಾಳಿ ಎದ್ದಿದೆ.
ಆ ನಾಲ್ಕು ಕಲ್ಲು ಎಲ್ಲಿಟ್ಟೆನೋ.