ಕೊನೆಯ ಸೈಕಲ್ಲಿನವನು

ಮುಂದೆ ನೆಲಿದಾ, ಕಿತ್ತಳೆ ಬಣ್ಣದ ಕೋಟು.
ನಡುವೆ ದುಡ್ಡು ಕೊಟ್ಟ ಏಳು ಜನ.
ಕೊನೆಗೆ ನಾನು:
ಪಂಕ್ಚರು ಡಬ್ಬಿ, ಗಾಳಿ ಪಂಪು, ಬ್ಯಾಂಡೇಜು,
ಒಂದು ಪೊಟ್ಟಣ ಬಿಸ್ಕತ್ತು.
ಹಿಂಬಾಲಿಸು ಅನ್ನುವ ಮಾತಿನೊಳಗೇ
ಒಂದು ಬಾಲ ಅಡಗಿ ಕೂತಿದೆಯಲ್ಲ,
ಅದು ನನ್ನ ನೌಕರಿ.

ಮೊಂತೆವಿದೆಯೋದ ಮುಖ ಅವರಿಗೆ.
ನನಗೆ ಏಳು ಬೆನ್ನು.
ಬೆನ್ನಿಗೆ ನಟಿಸಲು ಬರುವುದಿಲ್ಲ.
ಬುಸೇಯೋ ಬಂದರು ದಾಟುವ ಮೊದಲೇ
ಯಾರ ಮಂಡಿ ನೋಯುತ್ತಿದೆ,
ಯಾವ ಗಂಡ ಹೆಂಡತಿ ಬೆಳಿಗ್ಗೆ ಜಗಳವಾಡಿ ಬಂದಿದ್ದಾರೆ,
ಸೈಕಲ್ಲು ಬರುತ್ತದೆಂದು ಸುಳ್ಳು ಬರೆದುಕೊಟ್ಟವರು ಯಾರು,
ಎಲ್ಲ ತಿಳಿದುಬಿಡುತ್ತದೆ.
(ಇವತ್ತು ಪೋರ್ತೊ ಅಲೆಗ್ರೆಯ ಹಲ್ಲಿನ ಡಾಕ್ಟರು.)

ಪೊಸೀತೊಸ್ ಮರಳಿನಲ್ಲಿ ನೆಲಿದಾ ಎಲ್ಲರನ್ನೂ ಇಳಿಸುತ್ತಾಳೆ.
'ಬೆರಳದ್ದಿ, ನೆಕ್ಕಿ ನೋಡಿ. ಉಪ್ಪೋ, ಸಪ್ಪೆಯೋ?'
ಇದು ನದಿ ಅಂತ ಶಾಲೆಯ ಪುಸ್ತಕದಲ್ಲಿದೆ.
ಆಚೆ ದಡ ಕಾಣದ್ದಕ್ಕೆ ನಾವು ಕಡಲು ಅನ್ನುತ್ತೇವೆ.
ಉತ್ತರದಲ್ಲಿ ಮಳೆಯಾದರೆ ಸಪ್ಪೆ, ಚಹಾದ ಬಣ್ಣ.
ಮೂಡಗಾಳಿ ಬೀಸಿದರೆ ಉಪ್ಪು, ಹಸಿರು.
ಎರಡೂ ಅಲ್ಲದ ದಿನಗಳೇ ಹೆಚ್ಚು.
ರೊಸಾರಿಯೋದ ಹುಡುಗಿ ನೆಕ್ಕಿ, 'ಕಣ್ಣೀರಿನಷ್ಟು' ಅಂದಳು.
'ಬಾಯಿ ಮುಕ್ಕಳಿಸಲು ಸಾಕು' ಅಂದರು ಡಾಕ್ಟರು.
ಇಬ್ಬರಿಗೂ ಒಂದೇ ನಗು ಕೊಟ್ಟಳು ನೆಲಿದಾ,
ಹನ್ನೊಂದು ವರ್ಷದ ಹಳೇ ನಗು, ಇನ್ನೂ ಗಟ್ಟಿಮುಟ್ಟು.

ಆಮೇಲೆ ದೀಪಸ್ತಂಭ.
ಆಮೇಲೆ ಆ ತಿರುವು.

ಅಲ್ಲಿ ಅವಳು ಏನೂ ಹೇಳುವುದಿಲ್ಲ.
ಹೇಳಲು ಬೇಕಾದಷ್ಟಿದೆ: ಗುಲಾಬಿ ಕಲ್ಲಿನ ಕಟ್ಟೆ,
ಕಂಕುಳಲ್ಲಿ ಥರ್ಮಾಸು ಅವುಚಿಕೊಂಡು
ಸೋರೆಬುರುಡೆಯಿಂದ ಕಹಿ ಕಷಾಯ ಹೀರುವ ಜನ,
ಗಾಳ ಹಾಕಿ ಕೂತವರ ಸಾಲು.
ಊಹೂಂ. ಗಂಟೆ ಮಾತ್ರ ಎರಡು ಸಲ.
ಟ್ರಿಣ್, ಟ್ರಿಣ್.
ಎದುರಿಗೆ ಯಾರೂ ಅಡ್ಡ ಬಂದಿರುವುದಿಲ್ಲ.

ಹಳದಿ ಬಕೆಟ್ಟಿನ ಪಕ್ಕ ಕೂತ ಮುದುಕ ತಿರುಗುವುದಿಲ್ಲ.
ಅವನ ಗಾಳದ ಕೋಲಿನ ತುದಿ
ಒಂದು ಗೇಣು ಮೇಲೆದ್ದು ಇಳಿಯುತ್ತದೆ.
ಮೀನು ಕಚ್ಚಿತೇನೋ ಅಂದುಕೊಳ್ಳುತ್ತಾರೆ ದುಡ್ಡು ಕೊಟ್ಟವರು.

ಅವನ ಹೆಸರು ವಾಷಿಂಗ್ಟನ್.
ನಗಬೇಡಿ, ಅವನ ತಮ್ಮ ನೆಲ್ಸನ್.
ನಮ್ಮ ಕಡೆಯ ಅಪ್ಪಂದಿರಿಗೆ
ದೊಡ್ಡವರ ಹೆಸರು ಅಗ್ಗಕ್ಕೆ ಸಿಗುತ್ತಿತ್ತು.
ಹತ್ತೊಂಬತ್ತು ವರ್ಷ ನೆಲಿದಾಳ ಗಂಡನಾಗಿದ್ದ.
ಇಷ್ಟು ಹೇಳಿದ್ದು ಸೈಕಲ್ಲಂಗಡಿಯ ಎಲ್ಬಿಯೊ, ಚೈನಿಗೆ ಎಣ್ಣೆ ಬಿಡುತ್ತ.
ಯಾಕೆ ಬಿಟ್ಟರು, ಕೇಳಿದೆ.
'ಯಾಕೆ ಕಟ್ಟಿಕೊಂಡರೋ ಅದೇ ಗೊತ್ತಿಲ್ಲ' ಅಂದ.

ಇವತ್ತು ಬಕೆಟ್ಟಿದೆ. ಆಸಾಮಿ ಇಲ್ಲ.
ಕೋಲು ಕಟ್ಟೆಗೆ ಒರಗಿದೆ, ದಾರ ನೀರಲ್ಲಿ.

ಟ್ರಿಣ್, ಟ್ರಿಣ್.

ಕಿತ್ತಳೆ ಬೆನ್ನು ಪೆಡಲು ಮರೆಯಿತು.
ಸೈಕಲ್ಲು ತನ್ನಷ್ಟಕ್ಕೆ ಹತ್ತು ಮಾರು ಉರುಳಿ ನಿಂತಿತು.
ಹಿಂದೆ ಒಂದರ ಮೇಲೊಂದು ಬ್ರೇಕು,
ಡಾಕ್ಟರು ಬಿದ್ದರು.

ಮೊಣಕೈಗೆ ಬ್ಯಾಂಡೇಜು ಸುತ್ತುತ್ತ ಓರೆಗಣ್ಣಲ್ಲಿ ನೋಡಿದೆ.
ಅವಳು ಬಕೆಟ್ಟಿನೊಳಗೆ ಬಗ್ಗಿದ್ದಳು.
ಎರಡು ಕೊರ್ವಿನಾ ಮೀನು, ಒಂದಕ್ಕಿನ್ನೂ ಉಸಿರಿತ್ತು.
ಅಷ್ಟರಲ್ಲಿ ಕೋಲು ಜಗ್ಗಿತು. ನಿಜವಾಗಿಯೂ ಕಚ್ಚಿತ್ತು.
ಎಳೆಯಲಿಲ್ಲ, ಬಿಡಲೂ ಇಲ್ಲ.
ಎರಡೂ ಕೈಯಲ್ಲಿ ಹಿಡಿದು ನಿಂತಳು,
ತುಂಬಿದ ಬಸ್ಸಿನಲ್ಲಿ ಯಾರದೋ ಮಗುವನ್ನು
ಎತ್ತಿಕೊಂಡವರ ಹಾಗೆ.

ರಸ್ತೆಯಾಚೆಯಿಂದ ಬಂದ ವಾಷಿಂಗ್ಟನ್,
ಪ್ಯಾಂಟಿನ ಗುಂಡಿ ಹಾಕಿಕೊಳ್ಳುತ್ತ,
ಬಿಸಿನೀರಿಗೋ ಇನ್ನೆಂಥದಕ್ಕೋ ಹೋಗಿದ್ದವನು.
ಅವಳನ್ನು ನೋಡಿದ. ಕೋಲನ್ನು ನೋಡಿದ.
'ದಾರ ಸಡಿಲ ಬಿಡು.'
'ಗೊತ್ತು.'

ಎಷ್ಟು ವರ್ಷದ ಮೇಲಿನ ಮಾತೋ.
ರೊಸಾರಿಯೋದ ಹುಡುಗಿ ಫೋಟೋ ಹೊಡೆದಳು:
ಊರಿನ ಮೀನುಗಾರ, ನಮ್ಮ ಗೈಡು.

ಮೀನು ತಪ್ಪಿಸಿಕೊಂಡಿತು.
ನೆಲಿದಾ ಕೈಯನ್ನು ಕೋಟಿಗೆ ಒರೆಸಿ, ಸೈಕಲ್ಲು ಹತ್ತಿ,
ಎಂದಿನಂತೆ ಎಣಿಸಿದಳು. ಐದು, ಆರು, ಏಳು.
ಬಾಲವನ್ನು ಎಣಿಸುವ ರೂಢಿಯಿಲ್ಲ.
'ಎಂಟು' ಅಂದಳು.
ನಾನು ಕೈಯೆತ್ತಿದೆ.
ಅವಳ ಕಣ್ಣು ನನ್ನ ಹಿಂದೆಲ್ಲೋ ಇತ್ತು.

ಮುಂದೆ ಎದುರುಗಾಳಿ, ಅಂತ ಕೂಗಿದಳು ಎಲ್ಲರಿಗೂ,
ಗೇರು ಇಳಿಸಿಕೊಳ್ಳಿ.