ಹನ್ನೆರಡನೆಯ ಅಕ್ಷರ

ಟ್ಬಿಲಿಸಿಯ ಸಂತೆಯಲ್ಲಿ ಮಲ್ಖಾಜ್ ಕೈಗಿಟ್ಟಾಗ
ಹಸಿರು ಹಲಗೆ ಥಳಥಳ ಹೊಳೆಯುತ್ತಿತ್ತು.
"ಐವತ್ತಾರು ಕೆ, ಅಕ್ಕಾ, ಗಾಳಿಯಂತೆ ಓಡುತ್ತೆ."
ಅರ್ಧ ತಿಂಗಳ ಸಂಬಳ.

ಕುತಾಯಿಸಿಗೆ ತಂದು, ಡಬ್ಬ ಬಿಚ್ಚಿ, ಕೂರಿಸಿದೆ.
ನಮಗೆ ಕರೆಂಟು ರಾತ್ರಿ ಎರಡರಿಂದ ನಾಲ್ಕು.
ಅಷ್ಟರಲ್ಲೇ ಎಲ್ಲ: ಇಸ್ತ್ರಿ, ಬಿಸಿನೀರು, ಲಿನಕ್ಸ್.

ಯಾಕೆ ಲಿನಕ್ಸ್ ಅಂತ ಗೋಚಾ ಕೇಳುತ್ತಾನೆ.
ಅದರೊಳಗೆ ನಾನು ಚುಕ್ಕಿ ಚುಕ್ಕಿ ಇಟ್ಟು
ನಮ್ಮ ಮೂವತ್ತಮೂರು ಅಕ್ಷರ ಬರೆದಿದ್ದೇನೆ.
ಒಂದೊಂದು ಅಕ್ಷರ ಒಂದೊಂದು ಫೈಲು, ಎರಡು ಚಳಿಗಾಲ.
ಈಗ ತಂತಿಯಾಚೆ ಕಳಿಸಬೇಕು,
ಬೇಕಾದವರು ತೆಗೆದುಕೊಳ್ಳಲಿ.

ನಂಬರು ಒತ್ತಿದೆ. ಮೋಡೆಮ್ ಸುಮ್ಮನಿತ್ತು.
ಮರುರಾತ್ರಿ ಗೊತ್ತಾಯಿತು, ಸೌಂಡ್ ಕಾರ್ಡಿಗೂ ಇದಕ್ಕೂ
ತಟ್ಟಲು ಇರುವುದು ಅದೇ ಐದನೇ ನಂಬರಿನ ಬಾಗಿಲು;
ಎತ್ತು ಏರಿಗೆ, ಕೋಣ ನೀರಿಗೆ.
ಸೌಂಡ್ ಕಾರ್ಡ್ ಕಿತ್ತು ಸಕ್ಕರೆ ಡಬ್ಬಿಯಲ್ಲಿಟ್ಟೆ.
ಆಮೇಲೂ ಇದು ತುಟಿ ಬಿಚ್ಚಲಿಲ್ಲ.

ಒಂಬತ್ತನೇ ರಾತ್ರಿ ಭೂತಗನ್ನಡಿ ಹಿಡಿದೆ:
ಬೆಸುಗೆಯ ಗುರುತಿದೆ, ಪಕ್ಕದಲ್ಲಿ ಚಿಪ್ಪಿನ ಹೆಸರಿದೆ,
ಚಿಪ್ಪೇ ಇಲ್ಲ.
ಯೋಚನೆಯನ್ನೆಲ್ಲ ವಿಂಡೋಸ್ ಮಾಡಿಕೊಡಲಿ ಅಂತ
ಕಂಪನಿ ಮಿದುಳನ್ನು ಉಳಿತಾಯ ಮಾಡಿದೆ.
ಇದಕ್ಕೆ ಗಂಟಲಿದೆ. ಮಾತು ಯಜಮಾನರ ಮನೆಯಲ್ಲಿದೆ.

ಸಿಟ್ಟು ಬರಬೇಕಿತ್ತು, ನಗು ಬಂತು.
ಇಪ್ಪತ್ತೊಂದು ವರ್ಷ ಎಕ್ಸ್‌ಚೇಂಜಿನಲ್ಲಿ ಕೂತು
ಬೇರೆಯವರ ಮಾತಿಗೆ ತೂತು ಹುಡುಕಿ ತಂತಿ ಚುಚ್ಚಿದವಳು,
ನಾನೇನು ಕಮ್ಮಿ ಗಂಟಲೇ?

ಗೋಚಾ, ಮುಚ್ಚಿದ ಚಹಾ ಕಾರ್ಖಾನೆಯ ಉಗ್ರಾಣಿ.
ಎರಡು ಬಾಟಲಿ ಹುಳಿ ಪ್ಲಮ್ ಗೊಜ್ಜಿಗೆ
ಹೊರಗಿಡುವ ಹಳೇ ಮೋಡೆಮ್ ತಂದ: ಇಟ್ಟಿಗೆಯ ತೂಕ,
ಆಮೆಯ ನಡೆ, ಎಂಟು ಕೆಂಪು ದೀಪ.
"ತ್ಸಿಯಾಲಾ, ಇದಕ್ಕೆ ತಲೆ ಇದೆ.
ಯಾರ ಮನೆಯಲ್ಲಾದರೂ ಊಟ ಮಾಡುತ್ತೆ."

ದಪ್ಪ ಕೇಬಲ್ ಸಿಕ್ಕಿಸಿದೆ. ಯಾರ ಪೈಕಿ ನೀನು ಅಂತ ಕೇಳಲಿಲ್ಲ.
ಕಿರುಚಿತು, ಉಗುಳಿತು, ಎಳೆಯಿತು.
ಆ ಸದ್ದಿನ ನಡುವೆ, ಆಣೆ ಮಾಡುತ್ತೇನೆ,
ನಮ್ಮ ಇಪ್ಪತ್ನಾಲ್ಕನೆಯ ಅಕ್ಷರವಿತ್ತು:
ಗಂಟಲ ತಳದಲ್ಲಿ ಒಡೆಯುವಂಥದು,
ಕಪ್ಪೆಯ ಹೆಸರಲ್ಲಿ ಎರಡು ಸಲ ಬರುವಂಥದು,
ಪರದೇಶದವರು ಹೇಳಹೋಗಿ ಕೆಮ್ಮುವಂಥದು.
ಯಂತ್ರ ಒಂದು ಉಸಿರಿಗೆ ಹೇಳಿತು.

ಹನ್ನೊಂದು ಹೋದವು.
ಹನ್ನೆರಡನೆಯದು, 'ಮ',
ಅರ್ಧ ಹೋಗಿದ್ದಾಗ ಕರೆಂಟು ಹೋಯಿತು.
ಇನ್ನೂ ಮೂರೂ ಇಪ್ಪತ್ತು!

ಕತ್ತಲಲ್ಲಿ ರಿಸೀವರ್ ಎತ್ತಿದೆ. ಡಯಲ್ ಟೋನ್ ಇತ್ತು.
ಅದು ಊರಿನ ಕರೆಂಟಲ್ಲ, ಎಕ್ಸ್‌ಚೇಂಜಿನ ನೆಲಮಾಳಿಗೆಯ
ಬ್ಯಾಟರಿಗಳದ್ದು. ಮಂಗಳವಾರ ಮಂಗಳವಾರ
ಅವಕ್ಕೆ ನೀರು ಹಾಕುವವಳು ನಾನೇ.
ಬಹಳ ಹೊತ್ತು ಕೇಳಿದೆ.

ಆಮೇಲೆ ಚಹಾಕ್ಕೆಂದು ಸಕ್ಕರೆ ಡಬ್ಬಿಗೆ ಕೈ ಹಾಕಿ
ಬೆರಳು ಚುಚ್ಚಿಸಿಕೊಂಡೆ.