ಎಡಗೆನ್ನೆ

ಗ್ರೀನ್ ಸ್ಟ್ರೀಟಿನ ಮಹಡಿಯ ಮೇಲೆ ಎರಡೇ ಬಾಗಿಲು.
ಒಂದು ಹಲ್ಲಿಗೆ. ಇನ್ನೊಂದು ನನ್ನದು, ಮನಸ್ಸಿಗೆ.
ಹಲ್ಲಿನ ಕಡೆ ಚಪ್ಪಲಿಗಳ ರಾಶಿ.
ನನ್ನ ಕಡೆ ಬರುವವರು ಚಪ್ಪಲಿಯನ್ನೂ ಒಳಗೇ ತರುತ್ತಾರೆ,
ಯಾರಿಗಾದರೂ ಗುರುತು ಸಿಕ್ಕೀತೆಂದು.

ಬುಧವಾರ ಮಧ್ಯಾಹ್ನ ಯಾರೂ ಇರುವುದಿಲ್ಲ.
ಧಾರವಾಡದಲ್ಲಿ ಕಲಿಸಿದ ಮೇಡಂ ಹೇಳಿದ್ದರು:
ಕೇಳುವ ಕಿವಿ ತುಕ್ಕು ಹಿಡಿಯಬಾರದು,
ಯಾರೂ ಬರದ ದಿನ ಯಾರನ್ನಾದರೂ ಕರೆದುಕೋ.
ಖಾಲಿ ಕುರ್ಚಿಗೆ ನಾನು ಕರೆದದ್ದು
ತಾರ್ಲೆ ತುಕ್ಕಾನನ್ನು.

ಗೊತ್ತಲ್ಲ, ನೂರಾ ಹನ್ನೊಂದು ಸಿನೆಮಾಗಳಲ್ಲಿ ಏಟು ತಿಂದವನು.
ನಾಯಕರೆಲ್ಲ ಬಲಗೈಯವರು, ಹಾಗಾಗಿ ಯಾವಾಗಲೂ ಎಡಗೆನ್ನೆಗೆ.
ಬಿದ್ದ ಮೇಲೆ ಒಂದು ಗಳಿಗೆ ಸುಮ್ಮನಿದ್ದು
"ಹೋಗ್ಲಿ ಬಿಡ್ರೀ" ಅನ್ನುತ್ತಾನೆ,
ಟಾಕೀಸೇ ಬಿದ್ದು ಬಿದ್ದು ನಗುತ್ತದೆ.
ನಮ್ಮಪ್ಪ, ನಗದ ಮನುಷ್ಯ, ಅದಕ್ಕೆ ನಗುತ್ತಿದ್ದ.

ಹಸಿರು ರಟ್ಟಿನ ಫೈಲು ಮಾಡಿದ್ದೇನೆ.
ಹೆಸರು: ತುಕಾರಾಮ ದುರ್ಗೇಕರ. ಹುಟ್ಟೂರು: ಅರ್ಗಾ.
ಈಗಿನ ಊರು ಎಂಬಲ್ಲಿ ಗೆರೆ ಎಳೆದು ಬಿಟ್ಟಿದ್ದೇನೆ.

ಮೊದಲ ಭೇಟಿ. ಬಾಗಿಲಲ್ಲೇ ನಿಂತು ಕೇಳಿದ,
ಹೇಳಿ, ಯಾರ ದನಿಯಲ್ಲಿ ಅಳಬೇಕು?

ಎರಡನೆಯದು. ಕೊಂಕಣಿಯಲ್ಲಿ ಮಾತಾಡಿ ಎಂದೆ.
ಮುಕ್ಕಾಲು ಗಂಟೆ ತುಟಿ ಬಿಚ್ಚಲಿಲ್ಲ.
ಆ ಭಾಷೇಲಿ ನಾನು ಜೋಕು ಮಾಡಿಲ್ಲ ತಂಗೀ, ಅಂದ ಕೊನೆಗೆ.

ಮೂರನೇ ಸಲ ಗೇಟಿನ ಕತೆ.
ನೌಕಾನೆಲೆ ಬಂದಾಗ ಅವರ ಮನೆ ಒಳಗೆ ಹೋಯಿತು,
ಅಂದರೆ ಅವರು ಹೊರಗೆ ಬಂದರು.
ತೋಡೂರಿನ ಕಾಲನಿಯಲ್ಲಿ ಒಂದು ಸೈಟು, ಒಂದು ನಂಬರು.
ಹೆಸರು ಬಂದ ಮೇಲೆ ಒಮ್ಮೆ ಕಾರಿನಲ್ಲಿ ಹೋಗಿ ನಿಂತ.
ಕಾವಲಿನ ಹುಡುಗ ಗುರುತು ಹಿಡಿದ, ಸೆಲ್ಫಿ ತೆಗೆದುಕೊಂಡ,
ಆಮೇಲೆ ಅದೇ ಕೈ ಅಡ್ಡ ಹಿಡಿದ.
"ಸಾರ್, ಪಾಸು?"
ಬಾವಿಕಟ್ಟೆಯ ಮೇಲೆ ಆಯಿ ಒಣಹಾಕಿದ ಶೆಟ್ಲಿ
ಇನ್ನೂ ಅಲ್ಲೇ ಇದೆ ನೋಡಿ, ಕಾಗೆ ಓಡಿಸುವವರಿಲ್ಲ, ಅಂದ.
ಬರೆಯುತ್ತ ನನ್ನ ಕಣ್ಣು ಒದ್ದೆಯಾಯಿತು.
ನನ್ನದೇ ಕಲ್ಪನೆಗೆ ನಾನೇ ಫೀಸು ಕೊಡಬೇಕಿತ್ತು.

ನಾಲ್ಕನೆಯದರಲ್ಲಿ ತಪ್ಪು ಮಾಡಿದೆ.
ಮೊದಲು ಹೊಡೆದದ್ದು ಯಾರು ಎಂದು ಕೇಳಿದೆ.
ಅಪ್ಪ, ಅಂದ. ದೋಣಿಯಲ್ಲಿ, ಹುಟ್ಟು ಕೈಜಾರಿದಾಗ.
ಫೈಲಿನಲ್ಲಿ ಎಲ್ಲ ಸರಿಯಾಗಿ ಕೂತಿತು.
ತೀರ ಸರಿಯಾಗಿ.
ಪೆನ್ನಿಗೆ ಮುಚ್ಚಳ ಹಾಕಿದೆ.
ನಮ್ಮಪ್ಪನ ಕೈ ದೊಡ್ಡದು. ಅದನ್ನು ಬರೆಯಲಿಲ್ಲ.

ಮೊನ್ನೆ, ಬುಧವಾರವೂ ಅಲ್ಲ, ಶನಿವಾರ,
ಬಾಗಿಲು ತಳ್ಳಿಕೊಂಡು ನಿಜವಾದ ತುಕ್ಕಾ ಬಂದ.
ಟೋಪಿ, ಕಪ್ಪು ಕನ್ನಡಕ, ಎಡಗೆನ್ನೆಯ ಮೇಲೆ ಕರವಸ್ತ್ರ.
ಫೈಲಿನ ಮೇಲೆ ಟಿಫಿನ್ ಡಬ್ಬಿ ಇಟ್ಟೆ.
"ಹಲ್ಲಿನ ಡಾಕ್ಟ್ರು ಇಲ್ಲೇ ಅಲ್ವಾ?"
ಪಕ್ಕದ ಬಾಗಿಲು. ಊಟಕ್ಕೆ ಹೋಗಿದ್ದಾರೆ. ಕೂತ್ಕೊಳ್ಳಿ.

ಕೂತ. ಅದೇ ಕುರ್ಚಿ.
ನಾನು ಕೂರಿಸುತ್ತಿದ್ದವನಿಗಿಂತ ಗಿಡ್ಡ.
"ನೀವಿಲ್ಲಿ ಏನು ಮಾಡ್ತೀರಿ?"
ಜನ ಮಾತಾಡ್ತಾರೆ, ನಾನು ಕೇಳ್ತೇನೆ.
"ಅದಕ್ಕೂ ದುಡ್ಡು ಕೊಡ್ತಾರಾ?"
ನಗಲು ಹೋಗಿ ದವಡೆ ಹಿಡಿದುಕೊಂಡ.
ಕಡೇ ಹಲ್ಲಂತೆ. ಶೇಂಗಾ ಚಿಕ್ಕಿಯ ಪ್ರತಾಪ.
"ಏಟೇನು, ಒಂದೂ ತಾಗಿಲ್ಲ ನಂಗೆ,
ಮರೇಲಿ ಚಪ್ಪಾಳೆ ತಟ್ಟೋನು ಬೇರೆ ಇರ್ತಾನೆ,"
ಅಂದ, ನಾನು ಕೇಳದೆಯೇ.

ಗೇಟಿನ ಬಗ್ಗೆ ಕೇಳಲೇ? ನಾಲಿಗೆ ಏಳಲಿಲ್ಲ.
ಅವನು ಮಾತ್ರ ಒಮ್ಮೆ ಹಿಂದೆ, ಒಮ್ಮೆ ಮುಂದೆ ವಾಲಿ ನೋಡಿ,
ಬಗ್ಗಿ, ಜೇಬಿನ ಚೀಟಿಯೊಂದನ್ನು ಮಡಿಸಿ ಮಡಿಸಿ
ಕುರ್ಚಿಯ ಮೋಟುಗಾಲಿನಡಿ ತುರುಕಿದ.
"ದೋಣಿಯಾದ್ರೆ ಅಲ್ಲಾಡ್ಲಿ. ಇದು ಯಾಕೆ?"
ಪಕ್ಕದ ಬಾಗಿಲು ಸದ್ದಾಯಿತು. ಎದ್ದು ಹೋದ.

ಐದನೇ ಭೇಟಿಯ ಪುಟ ಖಾಲಿ ಇದೆ.

ಸೋಮವಾರ ಮುದಗಾದಿಂದ ಬರುವ ಹೆಂಗಸು,
ಆರು ತಿಂಗಳಿಂದ ಬಂದು, ಕೂತು,
ಮಗಳ ಹೆಸರು ಹೇಳದೆ ಎದ್ದು ಹೋಗುವವಳು,
ಕುರ್ಚಿಯ ತೋಳು ಒತ್ತಿ ನೋಡಿದಳು.
"ಇವತ್ತು ಅಲ್ಲಾಡ್ತಿಲ್ಲ," ಅಂದಳು.
ಆಮೇಲೆ ಚಪ್ಪಲಿ ಬಿಚ್ಚಿದಳು.